‘ಬೆಳಕಿಗೆ ಬರು’: ಒಂದು ಪಡೆನುಡಿಯ ಅರ್ಥ ಮತ್ತು ಪ್ರಯೋಗ

೧. ವಿಷಯಪ್ರವೇಶ

ಮರೆಯಾಗಿದ್ದ ಸಂಗತಿಯೊಂದು ತಿಳಿದುಬಂದಾಗ ‘ಅದು ಬೆಳಕಿಗೆ ಬಂದಿತು’ ಎಂದು ಹೇಳುವುದು ಈಗಿನ ಕನ್ನಡ ಗದ್ಯದಲ್ಲಿ ಸರ್ವಸಾಮಾನ್ಯವಾಗಿದೆ. ಶಾಸನಗಳು ಬೆಳಕಿಗೆ ಬರುತ್ತವೆ. ಓಲೆಗರಿಯ ಕಾವ್ಯಗಳು ಬೆಳಕಿಗೆ ಬರುತ್ತವೆ. ಲೆಕ್ಕಪತ್ರದ ಮೋಸಗಳು ಬೆಳಕಿಗೆ ಬರುತ್ತವೆ. ಹೊಸ ಕವಿಗಳೂ ಬೆಳಕಿಗೆ ಬರುತ್ತಾರೆ. ಇಂಗ್ಲಿಷಿನ ‘ಕಮ್ ಟು ಲೈಟ್’ ಎಂಬ ಪಡೆನುಡಿಗೆ ಇದು ಪದಕ್ಕೆ ಪದವಾಗಿ ಸರಿಹೊಂದುವುದರಿಂದ, ಇದು ಪರಭಾಷೆಯ ಅಚ್ಚಿನಲ್ಲಿ ಎರಕವಾದ ಮಾತೋ ಅಥವಾ ಕನ್ನಡದ ಜಾಯಮಾನಕ್ಕೆ ಸೇರಿದ ಮಾತೋ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ.

ಪ್ರಶ್ನೆಯು ಕೇವಲ ಪದಮೂಲಕ್ಕೆ ಸಂಬಂಧಿಸಿದುದಲ್ಲ. ಕನ್ನಡದ ಇತಿಹಾಸವನ್ನೂ ಸಾಹಿತ್ಯಚರಿತ್ರೆಯನ್ನೂ ಬರೆಯುವವರು ತಮ್ಮ ಮುಖ್ಯ ಪ್ರಮಾಣಗಳನ್ನು ಓದುಗರಿಗೆ ಪರಿಚಯಮಾಡಿಕೊಡುವುದು ಬಹುಮಟ್ಟಿಗೆ ಈ ಒಂದು ಮಾತಿನಿಂದಲೇ. ‘ಇಂಥ ವರ್ಷದಲ್ಲಿ ಇಂಥ ಶಾಸನವು ಬೆಳಕಿಗೆ ಬಂದಿತು’ ಎಂಬ ವಾಕ್ಯವು ಪಾಠಪುಸ್ತಕದಿಂದ ಪಾಠಪುಸ್ತಕಕ್ಕೆ ನಡೆದುಬರುತ್ತದೆ. ಆ ವಾಕ್ಯದಲ್ಲಿ ಯಾರು ಕಂಡರು, ಯಾರು ಓದಿದರು, ಯಾವಾಗ ಮುದ್ರಿಸಿದರು, ಅದಕ್ಕೆ ಮೊದಲು ಅದು ಯಾರಿಗೆ ಮರೆಯಾಗಿತ್ತು ಎಂಬ ನಾಲ್ಕು ವಿಷಯಗಳು ಒಂದರೊಳಗೊಂದು ಅಡಗಿಹೋಗುತ್ತವೆ. ಆದಕಾರಣ ಈ ಪಡೆನುಡಿಯ ಅರ್ಥವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳುವುದು ಸಂಶೋಧಕರಿಗೂ ಉಪಾಧ್ಯಾಯರಿಗೂ ಅವಶ್ಯಕ.

೨. ಇಂಗ್ಲಿಷಿನಲ್ಲಿ ಇದರ ಸ್ವರೂಪ

ಇಂಗ್ಲಿಷಿನಲ್ಲಿ ಈ ಮಾತು ಹಳೆಯದು. ೧೬೧೧ರಲ್ಲಿ ಪ್ರಕಟವಾದ ಅಧಿಕೃತ ಬೈಬಲ್ ಅನುವಾದದಲ್ಲಿ ಮರೆಯಾದುದನ್ನು ಬೆಳಕಿಗೆ ತರುವ ಮಾತು ಹಳೆಯ ಒಡಂಬಡಿಕೆಯಲ್ಲಿಯೂ ಹೊಸ ಒಡಂಬಡಿಕೆಯಲ್ಲಿಯೂ ಬಂದಿದೆ. ಅವುಗಳಲ್ಲಿ ಯೋಬನ ಗ್ರಂಥದ ೨೮ನೆಯ ಅಧ್ಯಾಯದ ಸಂದರ್ಭವು ಗಮನಾರ್ಹವಾದುದು. ಅಲ್ಲಿ ವರ್ಣಿತವಾಗಿರುವುದು ಗಣಿಯ ಕೆಲಸ. ಮನುಷ್ಯನು ಬೆಟ್ಟವನ್ನು ಅಗೆದು, ಬಂಡೆಯನ್ನು ಸೀಳಿ, ಒಸರುವ ನೀರನ್ನು ತಡೆದು, ನೆಲದೊಳಗೆ ಹುದುಗಿದ್ದ ಲೋಹವನ್ನೂ ರತ್ನವನ್ನೂ ಹೊರಕ್ಕೆ ತರುತ್ತಾನೆ. ಹೀಗೆ ಅಲ್ಲಿ ಬೆಳಕು ಎಂದರೆ ವಾಸ್ತವವಾದ ಹಗಲ ಬೆಳಕು. ಬರುವುದು ಎಂದರೆ ಕತ್ತಲೆಯ ಸುರಂಗದಿಂದ ಮೇಲಕ್ಕೆ ಬರುವುದು. ರೂಪಕವು ಇನ್ನೂ ಮೂಲದ ಅನುಭವವನ್ನು ಬಿಟ್ಟು ದೂರ ಹೋಗಿಲ್ಲ.

ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಎರಡನೆಯ ಅಂಕದಲ್ಲಿ ಇದೇ ಮಾತು ರೂಪಕವಾಗಿ ಪೂರ್ತಿ ಬಲಿತಿರುವುದು ಕಾಣುತ್ತದೆ. ಸತ್ಯವು ಎಂದಿದ್ದರೂ ಬೆಳಕಿಗೆ ಬರುತ್ತದೆಂದೂ ಕೊಲೆಯನ್ನು ಬಹುಕಾಲ ಮುಚ್ಚಿಡಲಾಗದೆಂದೂ ಅಲ್ಲಿ ಹೇಳುವವನು ಲಾನ್ಸಲಟ್ ಎಂಬ ವಿದೂಷಕ. ಕೇಳುವವನು ಕಣ್ಣು ಮಂಜಾಗಿ ಎದುರಿಗಿದ್ದ ಸ್ವಂತ ಮಗನನ್ನೇ ಗುರುತಿಸಲಾರದ ಅವನ ಮುದಿತಂದೆ. ಬೆಳಕನ್ನು ಕುರಿತ ಮಾತನ್ನು ಕಣ್ಣು ಕಾಣದವನಿಗೆ ಹೇಳಿಸಿರುವ ಈ ಹಾಸ್ಯದಲ್ಲಿ ಒಂದು ತಥ್ಯವೂ ಇದೆ. ವಸ್ತುವು ಬೆಳಕಿಗೆ ಬಂದಮಾತ್ರಕ್ಕೆ ಸಾಲದು. ನೋಡಬಲ್ಲ ಕಣ್ಣು ಬೇಕು. ಈ ಅಂಶವು ಮುಂದೆ ಶಾಸನಗಳ ವಿಚಾರದಲ್ಲಿ ಪುನಃ ಎದುರಾಗುತ್ತದೆ.

ಈಗಿನ ಇಂಗ್ಲಿಷಿನ ರೂಢಿಯಲ್ಲಿ ಈ ಪಡೆನುಡಿಗೆ ಮೂರು ಲಕ್ಷಣಗಳನ್ನು ಹೇಳಬಹುದು. ಒಂದನೆಯದು, ಇದರ ಕರ್ತೃಪದವು ಸಂಗತಿ, ದಾಖಲೆ ಅಥವಾ ವಸ್ತು, ಸಾಮಾನ್ಯವಾಗಿ ವ್ಯಕ್ತಿಯಲ್ಲ. ಎರಡನೆಯದು, ಸಂಗತಿಯು ಮೊದಲೇ ಇದ್ದಿರಬೇಕು. ಹೊಸದಾಗಿ ಹುಟ್ಟಿದುದು ಬೆಳಕಿಗೆ ಬರುವುದಿಲ್ಲ. ಮೂರನೆಯದು, ತಂದವರ ಹೆಸರನ್ನು ಹೇಳುವ ಅವಶ್ಯಕತೆಯಿಲ್ಲ. ಸಂಗತಿಯು ತಾನೇ ನಡೆದುಬಂದಂತೆ ವಾಕ್ಯರಚನೆಯಿರುತ್ತದೆ. ಹೆಸರನ್ನು ಹೇಳಬೇಕಾದಾಗ ‘ಬೆಳಕಿಗೆ ತರು’ ಎಂಬರ್ಥದ ಬೇರೊಂದು ರೂಪವುಂಟು. ಪುಸ್ತಕದ ಪ್ರಕಟಣೆಗೆ ‘ಬೆಳಕನ್ನು ಕಾಣು’ ಎಂಬ ಮತ್ತೊಂದು ನುಡಿಯುಂಟು. ಕನ್ನಡದಲ್ಲಿ ಈ ಮೂರೂ ಬಳಕೆಗೆ ಬಂದಿವೆ.

೩. ಕನ್ನಡದಲ್ಲಿ ಇದಕ್ಕೆ ಇದ್ದ ನೆಲೆ

‘ಬೆಳಕಿಗೆ ಬರು’ ಎಂಬುದರ ಈಗಿನ ಪ್ರಚುರ ಬಳಕೆಯು ಇಂಗ್ಲಿಷಿನ ಸಂಪರ್ಕದಿಂದ ಬೆಳೆದುದೆಂದು ತಿಳಿಯುವುದು ಯುಕ್ತ. ೧೯ನೆಯ ಶತಮಾನದ ಬೈಬಲ್ ಅನುವಾದಗಳು, ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲಾದ ವೃತ್ತಪತ್ರಿಕೆಗಳು, ಇಂಗ್ಲಿಷಿನಲ್ಲಿ ರಚಿತವಾದ ಪುರಾತತ್ತ್ವ ವರದಿಗಳು ಇವೆಲ್ಲವೂ ಇಂಥ ಮಾತುಗಳಿಗೆ ದಾರಿಯಾಗಬಲ್ಲವು. ಇವುಗಳಲ್ಲಿ ಯಾವುದಾದರೊಂದನ್ನೇ ಮೂಲವೆಂದು ನಿರ್ಧರಿಸುವುದು ಸಾಹಸವಾದೀತು. ಆದರೆ ಹೊರಗಿನಿಂದ ಬಂದ ಎಷ್ಟೋ ಮಾತುಗಳು ಬೇರೂರದೆ ಒಣಗಿಹೋದುವು; ಇದು ಮಾತ್ರ ನೆಲೆಗೊಂಡಿತು. ಅದಕ್ಕೆ ಕಾರಣಗಳು ಕನ್ನಡದೊಳಗೇ ಇವೆ.

ಮೊದಲನೆಯ ಕಾರಣ ವ್ಯಾಕರಣಕ್ಕೆ ಸಂಬಂಧಿಸಿದುದು. ಚತುರ್ಥೀ ವಿಭಕ್ತಿಯ ನಾಮಪದಕ್ಕೆ ‘ಬರು’ ಧಾತುವನ್ನು ಸೇರಿಸಿ ಪಡೆನುಡಿಯನ್ನು ಕಟ್ಟುವುದು ಕನ್ನಡದ ಒಂದು ಸಹಜ ಕ್ರಮ. ನೆನಪಿಗೆ ಬರು, ಬಾಯಿಗೆ ಬರು, ಗಮನಕ್ಕೆ ಬರು, ಅನುಭವಕ್ಕೆ ಬರು, ಕೆಲಸಕ್ಕೆ ಬರು, ಹದಕ್ಕೆ ಬರು ಎಂಬ ಸಾಲಿನಲ್ಲಿ ‘ಬೆಳಕಿಗೆ ಬರು’ ಎಂಬುದು ಪಂಕ್ತಿಭೇದವಿಲ್ಲದೆ ಕುಳಿತುಕೊಳ್ಳುತ್ತದೆ. ಅರ್ಥವು ಹೊರಗಿನಿಂದ ಬಂದಿದ್ದರೂ ಅಚ್ಚು ಕನ್ನಡದ್ದೇ.

ಎರಡನೆಯ ಕಾರಣ ಸಂಸ್ಕೃತದಿಂದ ಬಂದುದು. ಬೆಳಕಿಗೂ ಬಹಿರಂಗಕ್ಕೂ ಇರುವ ನಂಟು ಕನ್ನಡದ ವಿದ್ವಾಂಸರಿಗೆ ಹೊಸದಾಗಿರಲಿಲ್ಲ. ‘ಪ್ರಕಾಶ’ ಎಂದರೆ ಬೆಳಕು. ‘ಪ್ರಕಾಶಪಡಿಸು’ ಎಂದರೆ ಲೋಕಕ್ಕೆ ತಿಳಿಯಪಡಿಸು. ಪುಸ್ತಕವನ್ನು ಮುದ್ರಿಸಿ ಹೊರತರುವವನು ‘ಪ್ರಕಾಶಕ’. ಶಾಸ್ತ್ರಗ್ರಂಥಗಳ ಹೆಸರುಗಳನ್ನು ನೋಡಿದರೂ ಇದು ಸ್ಪಷ್ಟ. ಆನಂದವರ್ಧನನ ಧ್ವನ್ಯಾಲೋಕ, ಮಮ್ಮಟನ ಕಾವ್ಯಪ್ರಕಾಶ, ಪತಂಜಲಿಯ ಮಹಾಭಾಷ್ಯಕ್ಕೆ ಕೈಯಟನು ಬರೆದ ಪ್ರದೀಪ, ಆ ಪ್ರದೀಪಕ್ಕೆ ನಾಗೇಶಭಟ್ಟನು ಬರೆದ ಉದ್ದ್ಯೋತ ಇವೆಲ್ಲವೂ ಬೆಳಕಿನ ಹೆಸರುಗಳೇ. ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸಂಸ್ಕೃತದ ಈ ಕಲ್ಪನೆಯಲ್ಲಿ ವಸ್ತುವು ಇದ್ದಲ್ಲಿಯೇ ಇರುತ್ತದೆ. ದೀಪವನ್ನು ಅದರ ಬಳಿಗೆ ಒಯ್ಯುತ್ತಾರೆ. ಇಂಗ್ಲಿಷಿನ ಕಲ್ಪನೆಯಲ್ಲಿ ಬೆಳಕು ಇದ್ದಲ್ಲಿಯೇ ಇರುತ್ತದೆ. ವಸ್ತುವು ಅದರ ಬಳಿಗೆ ನಡೆದುಬರುತ್ತದೆ. ಹಿಂದಿನದರಲ್ಲಿ ದೀಪ ಹಿಡಿದವನು ಮುಖ್ಯ; ಇಂದಿನದರಲ್ಲಿ ಅವನು ಮರೆಯಾಗುತ್ತಾನೆ.

ಮೂರನೆಯದೂ ಬಲವತ್ತರವೂ ಆದ ಕಾರಣವೆಂದರೆ, ‘ಬಯಲಿಗೆ ಬರು’, ‘ಬಯಲಾಗು’ ಎಂಬ ಅಚ್ಚಗನ್ನಡದ ನುಡಿಗಳು ಇದಕ್ಕೆ ಮೊದಲೇ ದಾರಿಯನ್ನು ತುಳಿದಿಟ್ಟಿದ್ದುವು. ಮರೆಯಿಲ್ಲದ ತೆರಪಾದ ನೆಲವೇ ಬಯಲು. ಹಾಸನದ ಸೀಮೆಯನ್ನು ನೋಡಿದವರಿಗೆ ಈ ಮಾತಿನ ಹುಟ್ಟು ಊಹೆಗೆ ನಿಲುಕದುದಲ್ಲ. ಪೂರ್ವಕ್ಕೆ ಚನ್ನರಾಯಪಟ್ಟಣದ ಕಡೆಯದು ಬಯಲುಸೀಮೆ. ಪಶ್ಚಿಮಕ್ಕೆ ಸರಿದಂತೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಗೆ ಮಲೆನಾಡಿನ ಸೆರಗು. ಮಲೆನಾಡಿನಲ್ಲಿ ಬಯಲೆಂದರೆ ಕಾಡಿನ ದಿಣ್ಣೆಗಳ ನಡುವೆ ತೆರೆದುಕೊಂಡ ಗದ್ದೆಯ ಬಯಲು. ಮರಗಿಡಗಳ ಮರೆಯಲ್ಲಿ ಕಾಣದಿದ್ದ ದನವಾಗಲಿ ಮನುಷ್ಯನಾಗಲಿ ಗದ್ದೆಬಯಲಿಗೆ ಕಾಲಿಟ್ಟೊಡನೆ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಈ ಅನುಭವವೇ ಪಡೆನುಡಿಯಾಗಿ ನಿಂತಿರುವುದು ಸಂಭವ.

ನೆರೆಯ ದ್ರಾವಿಡ ಭಾಷೆಗಳನ್ನು ಹೋಲಿಸಿದರೆ ವಿಷಯವು ಇನ್ನಷ್ಟು ತಿಳಿಯಾಗುತ್ತದೆ. ತಮಿಳಿನಲ್ಲಿ ‘ವೆಳಿ’ ಎಂದರೆ ಹೊರಗು, ತೆರಪು. ‘ವೆಳಿಚ್ಚಂ’ ಎಂದರೆ ಬೆಳಕು. ‘ವೆಳಿಪ್ಪಡು’ ಎಂದರೆ ಪ್ರಕಟವಾಗು. ‘ವೆಳಿಯೀಡು’ ಎಂದರೆ ಗ್ರಂಥದ ಪ್ರಕಟಣೆ. ತೆರಪಿನ ಮಾತಿಗೂ ಬೆಳಕಿನ ಮಾತಿಗೂ ಇರುವ ರೂಪಸಾಮ್ಯವು ಗಮನಾರ್ಹ; ಅಷ್ಟರಿಂದಲೇ ಎರಡೂ ಒಂದೇ ಧಾತುವಿನಿಂದ ಹುಟ್ಟಿದುವೆಂದು ನಿರ್ಣಯಿಸಬೇಕಾದುದಿಲ್ಲ. ತೆಲುಗಿನಲ್ಲಿಯೂ ‘ವೆಲಿ’ ಹೊರಗು, ‘ವೆಲುಗು’ ಬೆಳಕು. ಆದರೆ ರಹಸ್ಯವು ಹೊರಬೀಳುವುದಕ್ಕೆ ಅಲ್ಲಿ ‘ಬಯಟಪಡು’ ಎಂಬ ಬಯಲಿನ ಮಾತು ನಡೆಯುತ್ತದೆ. ಕನ್ನಡವೂ ಅದೇ ದಾರಿಯನ್ನು ಹಿಡಿದಿದೆ. ತೆರಪು ಮತ್ತು ಬೆಳಕು ಎಂಬ ಎರಡು ಕಲ್ಪನೆಗಳು ಈ ಭಾಷಾಕುಟುಂಬದಲ್ಲಿ ಅಕ್ಕಪಕ್ಕದಲ್ಲಿಯೇ ಇರುವುದರಿಂದ, ‘ಬಯಲಿಗೆ’ ಎಂಬಲ್ಲಿ ‘ಬೆಳಕಿಗೆ’ ಎಂದು ಹೇಳುವುದು ಕನ್ನಡಿಗರ ಕಿವಿಗೆ ಅಸಹಜವಾಗಿ ತೋರಲಿಲ್ಲ.

೪. ಸಮಾನಾರ್ಥಕಗಳೂ ಅವುಗಳ ಭೇದಗಳೂ

ಕೋಶಗಳಲ್ಲಿ ಒಂದರ ಪಕ್ಕದಲ್ಲೊಂದು ಬರೆಯಬಹುದಾದ ಈ ನುಡಿಗಳು ಪ್ರಯೋಗದಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲುವುದಿಲ್ಲ. ‘ವಂಚನೆಯು ಬಯಲಾಯಿತು’ ಎಂಬುದು ಸರಿ. ‘ಶಾಸನವು ಬಯಲಾಯಿತು’ ಎಂದರೆ ಯಾರೋ ಅದನ್ನು ಬೇಕೆಂದೇ ಬಚ್ಚಿಟ್ಟಿದ್ದರೆಂಬ ಭಾವನೆ ಬರುತ್ತದೆ. ಬಣ್ಣ ಬಯಲಾಗು, ಬಂಡವಾಳ ಬಯಲಾಗು ಎಂಬ ಪ್ರಯೋಗಗಳಲ್ಲಿಯೂ ನಿಂದೆಯ ಛಾಯೆಯಿದೆ. ಅಂದರೆ ‘ಬಯಲಾಗು’ ಎಂಬುದಕ್ಕೆ ಬಚ್ಚಿಟ್ಟವನೊಬ್ಬನು ಬೇಕು. ‘ಬೆಳಕಿಗೆ ಬರು’ ಎಂಬುದಕ್ಕೆ ಬೇಡ. ಕಾಲದ ಮರೆವೇ ಅಲ್ಲಿ ಸಾಕಾದಷ್ಟು ಕತ್ತಲೆ.

‘ಹೊರಬೀಳು’ ಎಂಬುದರಲ್ಲಿ ಮುಚ್ಚಿದ ಸ್ಥಳದಿಂದ ಆಕಸ್ಮಿಕವಾಗಿಯೋ ಅನಿವಾರ್ಯವಾಗಿಯೋ ಬರುವ ಭಾವವಿದೆ: ನಿಜ ಹೊರಬಿತ್ತು, ಸರ್ಕಾರದ ಆಜ್ಞೆ ಹೊರಬಿತ್ತು. ‘ಪತ್ತೆಯಾಗು’ ಎಂಬುದು ಹುಡುಕಿದ ಮೇಲೆ ಸಿಕ್ಕುದಕ್ಕೆ ಸಲ್ಲತಕ್ಕದ್ದು, ಹುಡುಕಾಟವಿಲ್ಲದೆ ಪತ್ತೆಯಿಲ್ಲ. ‘ರಟ್ಟಾಗು’ ಎಂಬುದು ಗುಟ್ಟಿಗೆ ಮಾತ್ರ ಮೀಸಲಾದುದು. ಅದು ಕಣ್ಣಿಗಿಂತ ಹೆಚ್ಚಾಗಿ ಕಿವಿಯನ್ನು ಆಶ್ರಯಿಸಿದೆ, ಬಾಯಿಂದ ಬಾಯಿಗೆ ಹರಡುವುದೇ ಅದರ ರೀತಿ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯು ಮತ್ತೊಂದು ಬಗೆಯನ್ನು ತೋರಿಸುತ್ತದೆ. ಬೂದುಗುಂಬಳದ ಮೇಲಣ ಬಿಳಿಯ ಬೂದಿಯು ಹೊತ್ತವನ ಹೆಗಲಿಗೆ ಅಂಟಿಕೊಳ್ಳುತ್ತದೆ. ಅದು ಅಂಟಿದೆಯೋ ಇಲ್ಲವೋ ಎಂದು ನೋಡಿಕೊಂಡುದೇ ಕಳ್ಳತನಕ್ಕೆ ಸಾಕ್ಷಿಯಾಯಿತು. ಇಲ್ಲಿ ಹೊರಗಿನ ಬೆಳಕೂ ಬೇಕಾಗಿಲ್ಲ, ಹುಡುಕುವವನೂ ಬೇಕಾಗಿಲ್ಲ; ಅಡಗಿಸಿಟ್ಟವನೇ ಅಡಗಿಸಿದುದನ್ನು ತೋರಿಸಿಕೊಡುತ್ತಾನೆ.

ಸಾಹಿತ್ಯದ ಉಪಾಧ್ಯಾಯರು ವಿಶೇಷವಾಗಿ ಎಚ್ಚರವಹಿಸಬೇಕಾದ ಸ್ಥಳವೊಂದುಂಟು. ಅಲ್ಲಮಪ್ರಭು ಮೊದಲಾದ ಶಿವಶರಣರ ವಚನಗಳಲ್ಲಿ ‘ಬಯಲು’ ಎಂಬುದು ಶೂನ್ಯಕ್ಕೆ, ನಿರಾಕಾರವಾದ ಪರವಸ್ತುವಿಗೆ ಪಾರಿಭಾಷಿಕವಾದ ಹೆಸರು. ಅಲ್ಲಿ ‘ಬಯಲಾಗು’ ಎಂದರೆ ಆಕಾರವನ್ನು ಕಳೆದುಕೊಂಡು ಆ ಬಯಲಿನಲ್ಲಿ ಲೀನವಾಗು ಎಂದರ್ಥ. ಇಂದಿನ ವೃತ್ತಪತ್ರಿಕೆಯ ರೂಢಿಯನ್ನು ಮಾತ್ರ ಬಲ್ಲ ವಿದ್ಯಾರ್ಥಿಯು ವಚನದಲ್ಲಿ ಆ ಮಾತನ್ನು ಕಂಡಾಗ ಏನೋ ರಹಸ್ಯವು ಹೊರಬಿದ್ದಿತೆಂದು ತಿಳಿಯುವುದು ಅಸಂಭವವೇನಲ್ಲ. ಒಂದರಲ್ಲಿ ಕಾಣದಿದ್ದುದು ಕಾಣಿಸುತ್ತದೆ. ಇನ್ನೊಂದರಲ್ಲಿ ಕಾಣುತ್ತಿದ್ದುದು ಕಾಣದಾಗುತ್ತದೆ. ಒಂದೇ ಪದವು ಎರಡು ಎದುರುದಿಕ್ಕುಗಳಿಗೆ ಮುಖಮಾಡಿ ನಿಂತಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮತ್ತೊಂದು ವಿಶೇಷವೆಂದರೆ, ಕನ್ನಡವು ಈ ಇಂಗ್ಲಿಷ್ ನುಡಿಯನ್ನು ತೆಗೆದುಕೊಂಡಷ್ಟಕ್ಕೇ ನಿಲ್ಲಲಿಲ್ಲ. ‘ಅವರು ನಾಟಕಕಾರರಾಗಿ ಬೆಳಕಿಗೆ ಬಂದರು’ ಎಂಬ ಪ್ರಯೋಗವು ಕನ್ನಡದಲ್ಲಿ ನಿರಾತಂಕವಾಗಿ ನಡೆಯುತ್ತದೆ. ಇಂಗ್ಲಿಷಿನ ಮೂಲವು ಹೀಗೆ ವ್ಯಕ್ತಿಯ ಪ್ರಸಿದ್ಧಿಗೆ ಸಲ್ಲುವುದಿಲ್ಲ. ಈ ಅರ್ಥವಿಸ್ತಾರಕ್ಕೆ ‘ಎಲೆಮರೆಯ ಕಾಯಿ’ ಎಂಬ ದೇಶೀಯ ನುಡಿಯು ಬೆಂಬಲವಾಗಿರಬಹುದು. ಎಲೆಯ ಮರೆಯಲ್ಲಿ ಮಾಗಿದ ಕಾಯಿಯು ಕಣ್ಣಿಗೆ ಬೀಳುವುದಕ್ಕೂ, ಯೋಗ್ಯತೆಯುಳ್ಳವನು ಜನರ ಗುರುತಿಗೆ ಬರುವುದಕ್ಕೂ ಒಂದೇ ಮಾತು ಒಗ್ಗಿಕೊಂಡಿತು. ಎರವಲು ತಂದ ನುಡಿಯು ಹೊಸ ನೆಲದಲ್ಲಿ ಹೊಸ ಕೊಂಬೆಯನ್ನು ಒಡೆದರೆ ಅದನ್ನು ಎರವಲೆಂದು ಕರೆಯುವುದರಲ್ಲಿ ಅರ್ಥವು ಕಡಿಮೆ.

ಈ ಪಡೆನುಡಿಯ ಮೇರೆಯನ್ನು ಪರೀಕ್ಷಿಸುವುದಕ್ಕೆ ಹಾಸನದ ಸಮೀಪದಲ್ಲಿಯೇ ಒಂದು ಒರೆಗಲ್ಲುಂಟು. ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟೆಯು ೧೯೭೯ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಸಿಕ್ಕಿದ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ಜಲಾಶಯ ತುಂಬಿದಾಗ ಬಹುಭಾಗ ಮುಳುಗುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಗೋಡೆಗಳೂ ಕಮಾನುಗಳೂ ಹೊರಗೆ ಕಾಣಿಸುತ್ತವೆ. ನೀರಿನೊಳಗಿನಿಂದ ಹಗಲ ಬೆಳಕಿಗೆ ಅಕ್ಷರಶಃ ಬರುವ ಈ ಕಟ್ಟಡವನ್ನು ಕುರಿತು ‘ಇಗರ್ಜಿಯು ಪ್ರತಿವರ್ಷ ಬೆಳಕಿಗೆ ಬರುತ್ತದೆ’ ಎಂದು ಯಾರೂ ಹೇಳುವುದಿಲ್ಲ, ‘ಕಾಣಿಸಿಕೊಳ್ಳುತ್ತದೆ’ ಎನ್ನುತ್ತಾರೆ. ಏಕೆಂದರೆ ಮುಳುಗಿರುವಾಗಲೂ ಅದು ಅಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ಇದರಿಂದ ಸಿದ್ಧವಾಗುವುದೇನೆಂದರೆ, ಈ ಪಡೆನುಡಿಯ ಬೆಳಕು ಕಣ್ಣಿನದಲ್ಲ, ಅರಿವಿನದು. ಮತ್ತು ಒಮ್ಮೆ ಬೆಳಕಿಗೆ ಬಂದುದು ಪುನಃ ಪುನಃ ಬೆಳಕಿಗೆ ಬರಲಾರದು.

೫. ಶಾಸನಗಳ ವಿಚಾರದಲ್ಲಿ ಈ ಮಾತು

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ೧೯೩೬ರಲ್ಲಿ ಬೆಳಕಿಗೆ ಬಂದಿತೆಂದು ಎಲ್ಲ ಸಾಹಿತ್ಯಚರಿತ್ರೆಗಳೂ ಹೇಳುತ್ತವೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಗುರುತಿಸಿ ಇಲಾಖೆಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಹದಿನಾರು ಪಂಕ್ತಿಗಳ ಈ ಬರಹದಲ್ಲಿ ಹದಿನೈದು ಕಲ್ಲಿನ ಮುಖದ ಮೇಲೂ ಕೊನೆಯದೊಂದು ಪಕ್ಕದ ಅಂಚಿನಲ್ಲೂ ಇವೆ. ಕದಂಬ ಕಾಕುಸ್ಥನ ಹೆಸರೂ, ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟ ವಿಷಯವೂ ಅದರಲ್ಲಿವೆ. ಅದರಲ್ಲಿ ತೇದಿಯಿಲ್ಲ, ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಕ್ರಿ. ಶ. ೪೫೦ರ ಸುಮಾರಿಗೆ ಹಚ್ಚುತ್ತಾರೆ.

ಈಗ ಪ್ರಶ್ನೆಯು ಇದು: ಅದಕ್ಕೆ ಮೊದಲು ಶಾಸನವು ಎಲ್ಲಿ ಕತ್ತಲೆಯಲ್ಲಿತ್ತು? ಅದು ನೆಲದೊಳಗೆ ಹೂತಿರಲಿಲ್ಲ. ಊರಿನ ವೀರಭದ್ರ ದೇವಾಲಯದ ಮುಂದೆ, ಹಗಲು ಬಿಸಿಲಿನಲ್ಲಿ, ಬರುವವರಿಗೂ ಹೋಗುವವರಿಗೂ ಕಾಣುವಂತೆಯೇ ನಿಂತಿತ್ತು. ಊರವರಿಗೆ ಕಲ್ಲು ಗೊತ್ತಿತ್ತು. ಕಲ್ಲಿನ ಮಾತು ಗೊತ್ತಿರಲಿಲ್ಲ. ವಿದ್ವಾಂಸರಿಗೆ ಅಂಥ ಮಾತನ್ನು ಓದುವ ಶಕ್ತಿಯಿತ್ತು, ಕಲ್ಲು ಗೊತ್ತಿರಲಿಲ್ಲ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ೧೯೦೨ರಲ್ಲಿ ಪ್ರಕಟಿಸಿದಾಗಲೂ ಈ ಕಲ್ಲು ಅದರಲ್ಲಿ ಸೇರಲಿಲ್ಲ. ಎರಡು ಅರಿವುಗಳು ಒಂದೆಡೆ ಸೇರುವುದಕ್ಕೆ ಮತ್ತೂ ಮೂವತ್ತನಾಲ್ಕು ವರ್ಷ ಹಿಡಿಯಿತು. ಆದುದರಿಂದ ಇಲ್ಲಿ ‘ಬೆಳಕಿಗೆ ಬಂದಿತು’ ಎಂದರೆ, ಊರಿನ ಅರಿವೂ ವಿದ್ವತ್ತಿನ ಅರಿವೂ ಸಂಧಿಸಿದುವು ಎಂದರ್ಥ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿ ಊರವರಿಗಿಂತ ಹೆಚ್ಚಾಗಿ ನಾಡಿಗೇ ಅನ್ವಯಿಸುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಲೆಕ್ಕವು ಇದನ್ನು ಅಂಕಿಗಳಲ್ಲಿಯೇ ತೋರಿಸಿಕೊಡುತ್ತದೆ. ರೈಸ್ ಅವರು ೧೮೮೯ರಲ್ಲಿ ಅಲ್ಲಿಯ ಶಾಸನಗಳನ್ನು ಪ್ರಕಟಿಸಿದಾಗ ಸಂಖ್ಯೆ ೧೪೪. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿ ಹೊರತಂದ ಆವೃತ್ತಿಯಲ್ಲಿ ೫೦೦. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩. ಇವುಗಳಲ್ಲಿ ಅನೇಕವು ಚಂದ್ರಗಿರಿಯ ಬತ್ತಲೆ ಬಂಡೆಯ ಮೇಲೆ ಶತಮಾನಗಳ ಕಾಲ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬಿದ್ದುಕೊಂಡಿದ್ದುವು. ಸೂರ್ಯನ ಬೆಳಕಿಗೆ ಅಲ್ಲಿ ಕೊರತೆಯಿರಲಿಲ್ಲ. ಬೆಳಕಿಗೆ ಬಂದುದು ಮಾತ್ರ ಮೂರು ಕಂತುಗಳಲ್ಲಿ.

ಶಾಸನವನ್ನು ಓದುವ ಕ್ರಮವನ್ನು ಬಲ್ಲವರಿಗೆ ಈ ವಿರೋಧಾಭಾಸದ ಕಾರಣ ತಿಳಿದಿದೆ. ನಡುಹಗಲಿನ ನೆತ್ತಿಯ ಬಿಸಿಲು ತೆರೆದ ಬಂಡೆಯ ಮೇಲೆ ನೇರವಾಗಿ ಬಿದ್ದಾಗ ಸವೆದ ಅಕ್ಷರಗಳು ಕಲ್ಲಿನ ಮೈಯಲ್ಲಿ ಕರಗಿಹೋಗುತ್ತವೆ. ಬೆಳಗ್ಗೆಯೋ ಸಂಜೆಯೋ ಕಿರಣಗಳು ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೀರಿನ ಅಂಚಿಗೂ ನೆರಳು ಹುಟ್ಟಿ ಅಕ್ಷರವು ಎದ್ದು ಕಾಣುತ್ತದೆ. ತರುವಾಯ ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿಯನ್ನು ಒತ್ತಿ ಪಡಿಯಚ್ಚನ್ನು ತೆಗೆದಾಗ, ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಬೆಳಕಿಗೆ ಬರುವುದೆಂದರೆ ಬೆಳಕು ಹೆಚ್ಚುವುದಲ್ಲ, ಅದು ತಕ್ಕ ಓರೆಯಲ್ಲಿ ಬೀಳುವುದು.

ಇದಕ್ಕೆ ವ್ಯತಿರಿಕ್ತವಾಗಿ, ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ೨೦೧೩-೧೪ರ ಉತ್ಖನನದಿಂದ ದೊರೆತ ಸಿಂಹಕಟಾಂಜನದ ಶಾಸನವು ಮಣ್ಣಿನೊಳಗಿನಿಂದ ಅಕ್ಷರಶಃ ಬೆಳಕಿಗೆ ಬಂದುದು. ಅದನ್ನು ಕ್ರಿ. ಶ. ೩೭೦ರ ಸುಮಾರಿನದೆಂದು ಹೇಳಿ, ಹಲ್ಮಿಡಿಗಿಂತ ಹಳೆಯ ಕನ್ನಡ ಶಾಸನವೆಂದು ಪರಿಗಣಿಸಿರುವ ವಿದ್ವಾಂಸರಿದ್ದಾರೆ. ಈ ವಾದದ ಇತ್ಯರ್ಥವು ಇಲ್ಲಿ ಪ್ರಕೃತವಲ್ಲ. ಪ್ರಕೃತವಾದುದು ಇಷ್ಟು: ‘ಕನ್ನಡದ ಮೊಟ್ಟಮೊದಲ ಶಾಸನ’ ಎಂದು ಕಲಿಸಿದ ಪಾಠವನ್ನು ಒಂದು ಗುದ್ದಲಿಯ ಪೆಟ್ಟು ಅಲುಗಿಸಬಲ್ಲುದು; ‘ಇದುವರೆಗೆ ಬೆಳಕಿಗೆ ಬಂದಿರುವ ಶಾಸನಗಳಲ್ಲಿ ಹಳೆಯದು’ ಎಂದು ಕಲಿಸಿದ ಪಾಠವು ಅದರಿಂದ ಸುಳ್ಳಾಗುವುದಿಲ್ಲ, ತಿದ್ದುಪಡಿಯನ್ನು ಮಾತ್ರ ಪಡೆಯುತ್ತದೆ. ಈ ಪಡೆನುಡಿಯ ಅತ್ಯಂತ ಉಪಯುಕ್ತವಾದ ಪ್ರಯೋಗ ಇದೇ. ಇದು ವಸ್ತುವಿನ ಪ್ರಾಚೀನತೆಯನ್ನಲ್ಲ, ನಮ್ಮ ಅರಿವಿನ ಇಂದಿನ 
ಮೇರೆಯನ್ನು ಹೇಳುತ್ತದೆ.

೬. ಯಾವ ಸಂಗತಿ ಬೆಳಕಿಗೆ ಬಂದಿತು?

ಓಲೆಗರಿಗಳ ವಿಚಾರದಲ್ಲಿ ಮತ್ತೊಂದು ತೊಡಕುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಗಮನಕ್ಕೆ ಬಂದಿತು. ಮೂಲವು ೧೯೦೯ರಲ್ಲಿಯೂ ಅವರ ಇಂಗ್ಲಿಷ್ ಅನುವಾದವು ೧೯೧೫ರಲ್ಲಿಯೂ ಅಚ್ಚಾದುವು. ಗ್ರಂಥವು ಬೆಳಕಿಗೆ ಬಂದ ವರ್ಷ ಯಾವುದು? ಪಂಡಿತರಿಗೆ ೧೯೦೫, ಸಂಸ್ಕೃತಜ್ಞರಿಗೆ ೧೯೦೯, ಹೊರಲೋಕಕ್ಕೆ ೧೯೧೫. ಗ್ರಂಥದ ಹೆಸರಂತೂ ಪ್ರಾಚೀನ ಲೇಖಕರ ಉಲ್ಲೇಖಗಳಿಂದ ಮೊದಲೇ ತಿಳಿದಿತ್ತು. ಅದೇ ರೀತಿಯಲ್ಲಿ, ೧೯೧೫ರಲ್ಲಿ ದೊರೆತ ಮಸ್ಕಿಯ ಶಾಸನದಿಂದ ದೇವಾನಾಂಪ್ರಿಯನು ಅಶೋಕನೆಂಬುದು ಬೆಳಕಿಗೆ ಬಂದಿತೆಂದು ಬರೆಯುವುದೂ ಸಡಿಲವಾದ ಮಾತು. ಆ ಅಭಿನ್ನತೆಯನ್ನು ೧೮೩೭ರಲ್ಲಿಯೇ ಸಿಂಹಳದ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಸೂಚಿಸಿದ್ದನು. ಮಸ್ಕಿಯಲ್ಲಿ ಅದು ಬೆಳಕಿಗೆ ಬಂದುದಲ್ಲ, ಸ್ಥಿರಪಟ್ಟುದು.

ನ್ಯಾಯಶಾಸ್ತ್ರವು ಈ ಭೇದವನ್ನು ಬಹು ಸೂಕ್ಷ್ಮವಾಗಿ ಗುರುತಿಸಿದೆ. ಆರೋಪಿಯು ಪೋಲೀಸರ ವಶದಲ್ಲಿದ್ದು ಕೊಟ್ಟ ತಿಳಿವಳಿಕೆಯಿಂದ ಯಾವುದಾದರೂ ಸಂಗತಿಯು ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಹೇಳಿಕೆಯನ್ನು ಪ್ರಮಾಣವಾಗಿ ಸ್ವೀಕರಿಸಬಹುದೆಂದು ೧೮೭೨ರ ಸಾಕ್ಷ್ಯ ಅಧಿನಿಯಮದ ೨೭ನೆಯ ಕಲಮು ವಿಧಿಸಿತ್ತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವವು ಉಳಿದಿದೆ. ೧೯೪೭ರ ವರದಿಗಳಲ್ಲಿ ಮುದ್ರಿತವಾದ ಪುಲುಕುರಿ ಕೋಟಯ್ಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು, ಪತ್ತೆಯಾದ ಸಂಗತಿಯೆಂದರೆ ಚೂರಿಯಲ್ಲ, ಆ ಚೂರಿಯನ್ನು ಅಂಥ ಸ್ಥಳದಲ್ಲಿ ಅಡಗಿಸಿಟ್ಟಿದ್ದುದೂ ಅದು ಆರೋಪಿಗೆ ತಿಳಿದಿದ್ದುದೂ ಎಂದು ವಿವೇಚಿಸಿತು. ಚೂರಿಗಳು ಲೋಕದಲ್ಲಿ ಇರುವುದು ಎಂದೋ ತಿಳಿದ ವಿಷಯ. ಶಾಸನಗಳಿಗೂ ಈ ವಿವೇಕವು ಸಲ್ಲತಕ್ಕದ್ದು. ಬೆಳಕಿಗೆ ಬಂದುದು ಕಲ್ಲೋ, ಬರಹವೋ, ಬರಹದ ಕಾಲವೋ, ಅದರಿಂದ ಸಿದ್ಧವಾಗುವ ಚರಿತ್ರಾಂಶವೋ ಎಂಬುದನ್ನು ಬೇರ್ಪಡಿಸಿ ಹೇಳಬೇಕು.

೭. ಉಪಸಂಹಾರ

ಮೇಲಣ ವಿಚಾರದಿಂದ ಪ್ರಯೋಗಕ್ಕೆ ಸಂಬಂಧಿಸಿದ ಕೆಲವು ನಿಯಮಗಳು ಹೊರಡುತ್ತವೆ. ಮೊದಲೇ ಇದ್ದು, ಅರಿವಿನಿಂದ ಮರೆಯಾಗಿದ್ದು, ತಿಳಿದಮೇಲೆ ಲೋಕದ ಅರಿವಿನಲ್ಲಿ ನಿಲ್ಲುವುದಕ್ಕೆ ‘ಬೆಳಕಿಗೆ ಬರು’ ಎಂಬುದು ಸಲ್ಲುತ್ತದೆ. ಬೇಕೆಂದು ಮುಚ್ಚಿಟ್ಟ ಅಕಾರ್ಯಕ್ಕೆ ‘ಬಯಲಾಗು’, ಗುಟ್ಟಿಗೆ ‘ರಟ್ಟಾಗು’, ಹುಡುಕಿ ಹಿಡಿದುದಕ್ಕೆ ‘ಪತ್ತೆಯಾಗು’, ಸಂದೇಹವಿದ್ದುದು ನಿಶ್ಚಯವಾದುದಕ್ಕೆ ‘ಸ್ಥಿರಪಡು’ ಎಂಬುವು ಹೆಚ್ಚು ಉಚಿತ. ಕಾರ್ಯಮಾಡಿದವರ ಹೆಸರು ಗೊತ್ತಿರುವಲ್ಲಿ ‘ಬೆಳಕಿಗೆ ತಂದರು’ ಎಂದು ಹೆಸರಿಟ್ಟು ಹೇಳುವುದು ನ್ಯಾಯ. ‘ಬೆಳಕಿಗೆ ತರಲ್ಪಟ್ಟಿತು’ ಎಂಬ ಕರ್ಮಣಿಪ್ರಯೋಗವು ಹೆಸರನ್ನೂ ಹೇಳದೆ ಕನ್ನಡದ ಓಟವನ್ನೂ ಕೆಡಿಸುವುದರಿಂದ ಎರಡು ಬಗೆಯಲ್ಲಿಯೂ ತ್ಯಾಜ್ಯ. ವರ್ಷವನ್ನು ಕೊಡುವಾಗ ಅದು ಕಂಡ ವರ್ಷವೋ, ಓದಿದ ವರ್ಷವೋ, ಅಚ್ಚಾದ ವರ್ಷವೋ ಎಂಬುದನ್ನು ಸೂಚಿಸಿದರೆ ಮುಂದಿನವರಿಗೆ ಶ್ರಮ ತಪ್ಪುತ್ತದೆ.

ಹಲ್ಮಿಡಿಯ ಕಲ್ಲು ಈಗ ಮೈಸೂರಿನಲ್ಲಿ ಸಂರಕ್ಷಿತವಾಗಿದೆ. ಊರಿನಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಲಾಗಿದೆ. ಆದರೆ ಅದೇ ಜಿಲ್ಲೆಯಲ್ಲಿ ಕೆರೆಯ ಏರಿಗಳಲ್ಲಿ, ಗುಡಿಯ ಜಗಲಿಗಳಲ್ಲಿ, ಹೊಲದ ಬದುಗಳಲ್ಲಿ ಊರವರು ದಿನವೂ ನೋಡುವ ಬರಹದ ಕಲ್ಲುಗಳು ಇನ್ನೂ ಇರಬಹುದು. ಊರಿನ ಶಾಲೆಯ ಕನ್ನಡ ಉಪಾಧ್ಯಾಯರು ಊರನ್ನೂ ಬಲ್ಲರು, ಬರಹವನ್ನೂ ಬಲ್ಲರು. ಎರಡು ಅರಿವುಗಳು ಸಂಧಿಸುವುದಕ್ಕೆ ಅವರಿಗಿಂತ ತಕ್ಕ ಸ್ಥಾನದಲ್ಲಿರುವವರು ವಿರಳ.